ರಕ್ತ ಸೋಸಿದರೆ ಸಾಲದು

ಹೃದಯದ ಕ್ಲಿಷ್ಟ ಶಸ್ತ್ರಕ್ರಿಯೆಗಳ ಬಗ್ಗೆ ಒಂದು ಅಭಿಪ್ರಾಯ ಈಚಿನ ವರ್ಷಗಳಲ್ಲಿ ಮುಂಬಯಿಯ ಆಸ್ಪತ್ರೆ ವಲಯದಲ್ಲೂ ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಬೇರೂರುತ್ತಿದೆ. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ರೋಗಿಯ ರಕ್ತದಲ್ಲಿ ಉರಿಯೂತ ಎಬ್ಬಿಸುವ ಅಣುಗಳು ವಿಪರೀತವಾಗಿ ಏರುತ್ತವೆ. ಆಮೇಲೆ ರಕ್ತದೊತ್ತಡ ಕುಸಿಯುವುದಕ್ಕೂ ಮೂತ್ರಪಿಂಡ ಕೈಕೊಡುವುದಕ್ಕೂ ಶ್ವಾಸಕೋಶ ಸೋಲುವುದಕ್ಕೂ ಅವೇ ಕಾರಣ. ಆದ್ದರಿಂದ ರಕ್ತವನ್ನು ಒಂದು ವಿಶೇಷ ಕಾರ್ಟ್ರಿಡ್ಜಿನ ಮೂಲಕ ಹಾಯಿಸಿ ಆ ಅಣುಗಳನ್ನು ಸೋಸಿ ತೆಗೆದರೆ ರೋಗಿ ಉಳಿಯುತ್ತಾನೆ. ಇದು ಆ ಅಭಿಪ್ರಾಯದ ಸಾರ. ಕೇಳಲು ಸರಳವಾಗಿದೆ, ಮನಸ್ಸಿಗೂ ಒಪ್ಪುತ್ತದೆ. ಐಸಿಯು ಬಾಗಿಲಲ್ಲಿ ಕಾಯುತ್ತಿರುವ ಮನೆಯವರಿಗೆ ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಆದರೆ ಈ ವಾದದ ಕೊನೆಯ ಕೊಂಡಿಗೆ, ಅಂದರೆ ಸೋಸಿದರೆ ರೋಗಿ ಉಳಿಯುತ್ತಾನೆ ಎಂಬ ಮಾತಿಗೆ, ಇವತ್ತಿನವರೆಗೆ ಆಧಾರ ಸಿಕ್ಕಿಲ್ಲ. ಸರಿಯಾಗಿ ನಡೆಸಿದ ಪ್ರಯೋಗಗಳು ಆ ಕೊಂಡಿ ಕಳಚಿದೆಯೆಂದೇ ತೋರಿಸಿವೆ. ಹೀಗಿರುವಾಗ ಈ ಸೋಸುವಿಕೆಯನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸುವುದೂ ಅದರ ಖರ್ಚನ್ನು ರೋಗಿಯ ಬಿಲ್ಲಿಗೆ ಸೇರಿಸುವುದೂ ತಪ್ಪು ಎಂಬುದು ನನ್ನ ವಾದ.

ಮೊದಲು ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ತೊಂದರೆ ಕಾಲ್ಪನಿಕವಲ್ಲ. 1953ರ ಮೇ 6ರಂದು ಅಮೆರಿಕದ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಷಿನ್ ಬಳಸಿ ಮನುಷ್ಯನ ಹೃದಯವನ್ನು ತೆರೆದು ಯಶಸ್ವಿಯಾಗಿ ಶಸ್ತ್ರಕ್ರಿಯೆ ಮಾಡಿದರು. ಅಂದಿನಿಂದ ಇಂದಿನವರೆಗೂ ಆ ಯಂತ್ರದ ಮೂಲ ಕೆಲಸ ಬದಲಾಗಿಲ್ಲ. ಹೃದಯವನ್ನು ನಿಲ್ಲಿಸಿ, ದೇಹದ ರಕ್ತವನ್ನೆಲ್ಲ ಪ್ಲಾಸ್ಟಿಕ್ ಕೊಳವೆಗಳ ಮೂಲಕ ಹೊರಗೆ ತಂದು, ಆಮ್ಲಜನಕ ಸೇರಿಸಿ, ನಿಮಿಷಕ್ಕೆ ನಾಲ್ಕೈದು ಲೀಟರಿನಂತೆ ಒಳಗೆ ಕಳಿಸುವುದು ಅದರ ಕೆಲಸ. ರಕ್ತನಾಳದ ಜೀವಂತ ಒಳಪದರವನ್ನಲ್ಲದೆ ಬೇರೇನನ್ನೂ ಮುಟ್ಟಿ ಗೊತ್ತಿಲ್ಲದ ರಕ್ತ ಹೊರಗಿನ ವಸ್ತುವನ್ನು ತಗುಲಿದ ಕೂಡಲೇ ಸೆಟೆದು ನಿಲ್ಲುತ್ತದೆ. ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಕೆರಳುತ್ತವೆ, ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಉರಿಯೂತದ ಅಣುಗಳನ್ನು ಹೊರಚೆಲ್ಲುತ್ತವೆ, ಕೆಂಪು ಕಣಗಳು ಒಡೆದು ಹಿಮೊಗ್ಲೋಬಿನ್ ರಕ್ತದಲ್ಲಿ ಬಿಡಿಯಾಗಿ ತೇಲುತ್ತದೆ. ಕೆಲಕಾಲ ರಕ್ತವಿಲ್ಲದೆ ಇದ್ದ ಹೃದಯಕ್ಕೂ ಕರುಳಿಗೂ ಮತ್ತೆ ರಕ್ತ ಹರಿದಾಗ ಇನ್ನೊಂದು ಸುತ್ತಿನ ಹಾನಿಯಾಗುತ್ತದೆ. ಅಮೆರಿಕದ ಜಾನ್ ಕರ್ಕ್ಲಿನ್ ಮತ್ತು ಸಂಗಡಿಗರು 1983ರಲ್ಲೇ ಕಾಂಪ್ಲಿಮೆಂಟ್ ಕೆರಳುವುದಕ್ಕೂ ಶಸ್ತ್ರಕ್ರಿಯೆಯ ನಂತರ ಅಂಗಾಂಗಗಳು ಸೋಲುವುದಕ್ಕೂ ಇರುವ ನಂಟನ್ನು ತೋರಿಸಿದ್ದರು. ಎರಡು ಮೂರು ಕವಾಟಗಳನ್ನು ಒಟ್ಟಿಗೆ ಬದಲಿಸುವಾಗ, ಹರಿದ ಮಹಾಪಧಮನಿಯನ್ನು ಹೊಲಿಯುವಾಗ, ಸೋಂಕು ತಗುಲಿದ ಕವಾಟವನ್ನು ಕಿತ್ತು ಹೊಸದನ್ನು ಕೂರಿಸುವಾಗ ಯಂತ್ರದ ಮೇಲಿನ ಹೊತ್ತು ಹೆಚ್ಚುತ್ತದೆ, ಉರಿಯೂತವೂ ಹೆಚ್ಚುತ್ತದೆ. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ.

ಈ ತೊಂದರೆಗೆ ಪರಿಹಾರವೆಂದು ಬಂದದ್ದು ರಕ್ತದಿಂದ ಅಣುಗಳನ್ನು ಹೀರಿಕೊಳ್ಳುವ ಕಾರ್ಟ್ರಿಡ್ಜ್. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ನ್ಯೂಜೆರ್ಸಿಯ ಕಂಪನಿಯೊಂದು ತಯಾರಿಸುವ ಸೈಟೊಸಾರ್ಬ್. ಒಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿರುವ ಪಾಲಿಮರ್ ಮಣಿಗಳು ಇದರಲ್ಲಿ ತುಂಬಿವೆ. ಮಧ್ಯಮ ಗಾತ್ರದ ಅಣುಗಳು ರಂಧ್ರದೊಳಗೆ ನುಗ್ಗಿ ಅಲ್ಲೇ ಅಂಟಿಕೊಳ್ಳುತ್ತವೆ, ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು ಹೊರಗಿನಿಂದಲೇ ಹಾದುಹೋಗುತ್ತವೆ. ಹಾರ್ಟ್-ಲಂಗ್ ಮಷಿನ್ ನಡೆಸುವ ಪರ್ಫ್ಯೂಷನಿಸ್ಟ್ ಇದನ್ನು ಅದರ ಪಕ್ಕದ ಕವಲಿಗೆ ಜೋಡಿಸುತ್ತಾರೆ. ಶಸ್ತ್ರಕ್ರಿಯೆ ಮುಗಿದ ಮೇಲೆ ಐಸಿಯುನಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸುವುದೂ ಉಂಟು. 2011ರಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. 2013ರಲ್ಲಿ ಬೆಂಗಳೂರಿನ ಬಯೋಕಾನ್ ಭಾರತದಲ್ಲಿ ಇದರ ವಿತರಣೆಯ ಹಕ್ಕು ಪಡೆಯಿತು. ಚೀನಾದ ಕಂಪನಿಯೊಂದರ ಇದೇ ಬಗೆಯ ಕಾರ್ಟ್ರಿಡ್ಜುಗಳೂ ಪೇಟೆಯಲ್ಲಿವೆ. 2020ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀವ್ರ ಅಸ್ವಸ್ಥರಾದವರಿಗೆ ತುರ್ತು ಬಳಕೆಗೆಂದು ಭಾರತದ ಔಷಧ ನಿಯಂತ್ರಕರು ಸೈಟೊಸಾರ್ಬ್‌ಗೆ ಒಪ್ಪಿಗೆ ಕೊಟ್ಟರು. ಸೈಟೊಕೈನ್ ಎಂಬ ಹೆಸರು ಮನೆಮಾತಾದದ್ದು ಆಗಲೇ. ಆ ಭಯದ ದಿನಗಳಲ್ಲಿ ಬಲಿತ ನಂಬಿಕೆ ಕೋವಿಡ್ ಕಳೆದ ಮೇಲೂ ಸಡಿಲವಾಗಲಿಲ್ಲ. ಹೃದಯದ ಶಸ್ತ್ರಕ್ರಿಯೆಯ ಕೋಣೆಯಲ್ಲೂ ಅದು ಹಾಗೆಯೇ ಉಳಿಯಿತು.

ಈ ನಂಬಿಕೆಯನ್ನು ಅತ್ಯಂತ ಕಠಿಣವಾಗಿ ಒರೆಗೆ ಹಚ್ಚಿದ್ದು ಜರ್ಮನಿಯ ರಿಮೂವ್ ಪ್ರಯೋಗ. 2018ರ ಜನವರಿಯಿಂದ 2020ರ ಜನವರಿಯವರೆಗೆ ಅಲ್ಲಿನ 14 ಹೃದಯ ಕೇಂದ್ರಗಳಲ್ಲಿ ನಡೆದ ಇದರ ಫಲಿತಾಂಶ 2022ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಬಂತು. ಆರಿಸಿಕೊಂಡವರು ಹೃದಯದ ಕವಾಟಕ್ಕೆ ಸೋಂಕು ತಗುಲಿ, ಅಂದರೆ ಎಂಡೊಕಾರ್ಡೈಟಿಸ್ ಆಗಿ, ಶಸ್ತ್ರಕ್ರಿಯೆ ಅನಿವಾರ್ಯವಾದ ರೋಗಿಗಳು. ಸೋಸುವಿಕೆಯಿಂದ ಯಾರಿಗಾದರೂ ಲಾಭವಾಗುವುದಿದ್ದರೆ ಮೊದಲು ಆಗಬೇಕಾದದ್ದು ಇವರಿಗೆ, ಏಕೆಂದರೆ ಸೋಂಕಿನ ಉರಿಯೂತ ಮತ್ತು ಯಂತ್ರದ ಉರಿಯೂತ ಎರಡೂ ಇವರಲ್ಲಿ ಒಟ್ಟುಗೂಡುತ್ತವೆ. ಯಾರಿಗೆ ಕಾರ್ಟ್ರಿಡ್ಜ್, ಯಾರಿಗೆ ಇಲ್ಲ ಎಂಬುದನ್ನು ವೈದ್ಯರು ತೀರ್ಮಾನಿಸಲಿಲ್ಲ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಲಾಯಿತು. ಲೆಕ್ಕಕ್ಕೆ ಬಂದ 282 ಮಂದಿಯಲ್ಲಿ 138 ಮಂದಿಗೆ ಸೋಸುವಿಕೆ ಸಿಕ್ಕಿತು, 144 ಮಂದಿಗೆ ಇಲ್ಲ. ಕಾರ್ಟ್ರಿಡ್ಜ್ ತನ್ನ ಕೆಲಸ ಮಾಡಿತು. ಯಂತ್ರದಿಂದ ಇಳಿಸುವ ಹೊತ್ತಿಗೆ ಐಎಲ್-1 ಬೀಟಾ, ಐಎಲ್-18 ಎಂಬ ಸೈಟೊಕೈನ್‌ಗಳ ಮಟ್ಟ ಸೋಸಿದವರಲ್ಲಿ ಕಡಿಮೆಯಿತ್ತು. ಆದರೆ ಅಂಗಾಂಗಗಳ ವೈಫಲ್ಯವನ್ನು ಅಳೆಯುವ ಸೋಫಾ ಅಂಕದ ಏರಿಕೆ ಸೋಸಿದವರಲ್ಲಿ 1.79, ಸೋಸದವರಲ್ಲಿ 1.93. ಇಷ್ಟು ಚಿಕ್ಕ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಮೂವತ್ತು ದಿನಗಳೊಳಗಿನ ಸಾವು ಒಂದು ಗುಂಪಿನಲ್ಲಿ ಶೇಕಡಾ 21, ಇನ್ನೊಂದರಲ್ಲಿ ಶೇಕಡಾ 22. ಅಣುಗಳು ಇಳಿದವು, ಸಾವು ಇಳಿಯಲಿಲ್ಲ. ಇಡೀ ಚರ್ಚೆಯ ತಿರುಳು ಇದೇ.

ಇದು ಒಂಟಿ ಸಾಕ್ಷಿಯಲ್ಲ. 2016ರಲ್ಲಿ ವಿಯೆನ್ನಾದ ವೈದ್ಯರು ಯೋಜಿತ ಶಸ್ತ್ರಕ್ರಿಯೆಗೆ ಬಂದ ರೋಗಿಗಳನ್ನು ಎರಡು ಗುಂಪಾಗಿ ಹಂಚಿ, ಕೊನೆಗೆ 37 ಮಂದಿಯ ಲೆಕ್ಕ ಪ್ರಕಟಿಸಿದರು. ಉರಿಯೂತ ಹೆಚ್ಚಿಸುವ ಸೈಟೊಕೈನ್‌ಗಳಲ್ಲಿ ಅವರಿಗೆ ವ್ಯತ್ಯಾಸವೇ ಕಾಣಲಿಲ್ಲ. 2019ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಿಂದ ಬಂದ ಪ್ರಯೋಗ ಇನ್ನೂ ಹೆಚ್ಚು ಅಪಾಯವಿದ್ದ 30 ರೋಗಿಗಳನ್ನು ನೋಡಿತ್ತು, ಅಲ್ಲೂ ಫಲಿತಾಂಶ ಅದೇ. ಅಮೆರಿಕದ ರಿಫ್ರೆಶ್ ಪ್ರಯೋಗ 46 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾಯಿತು. ಕಾರ್ಟ್ರಿಡ್ಜನ್ನು ಸುರಕ್ಷಿತವಾಗಿ ಬಳಸಬಹುದು, ಕವಾಟ ಬದಲಿಸಿದವರಲ್ಲಿ ಬಿಡಿ ಹಿಮೊಗ್ಲೋಬಿನ್ ಒಂದಿಷ್ಟು ತಗ್ಗಿತು, ಕಾಂಪ್ಲಿಮೆಂಟ್ ಕಡಿಮೆಯಾಯಿತು ಎಂದು ಅದು ಹೇಳಿತು. ರೋಗಿಗಳು ಹೆಚ್ಚು ಬದುಕಿದರು ಎಂದು ಅದೂ ಹೇಳಲಿಲ್ಲ. ಹೇಳುವಷ್ಟು ದೊಡ್ಡ ಪ್ರಯೋಗವೂ ಅದಾಗಿರಲಿಲ್ಲ. ಹೀಗೆ ಚಿಕ್ಕ ಪ್ರಯೋಗಗಳಲ್ಲಿ ಕೆಲವೊಮ್ಮೆ ಅಣುಗಳು ಇಳಿದಿವೆ, ಕೆಲವೊಮ್ಮೆ ಅದೂ ಇಲ್ಲ. ಅವುಗಳಿಗಿಂತ ಬಹಳ ದೊಡ್ಡದಾದ ರಿಮೂವ್ ಪ್ರಯೋಗದಲ್ಲಿ ಜೀವ ಉಳಿಯಿತೇ ಎಂಬ ಪ್ರಶ್ನೆಗೆ ಬಂದ ಉತ್ತರ ಇಲ್ಲ ಎಂದೇ.

ಹೀಗೇಕೆ ಎಂಬುದಕ್ಕೆ ದೇಹದ ವ್ಯವಸ್ಥೆಯಲ್ಲೇ ವಿವರಣೆಯಿದೆ. ಉರಿಯೂತ ಹುಟ್ಟುವುದು ರಕ್ತದಲ್ಲಿ ಮಾತ್ರವಲ್ಲ. ಹೃದಯದ ಸ್ನಾಯು, ಶ್ವಾಸಕೋಶ, ಕರುಳು, ಸೋಂಕಿನ ಗೂಡು ಇವೆಲ್ಲ ಅದರ ತವರು, ರಕ್ತದಲ್ಲಿ ಕಾಣುವುದು ಅಲ್ಲಿಂದ ಉಕ್ಕಿ ಬಂದ ಪಾಲು. ಜೋರು ಮಳೆಯ ದಿನ, ಸಮುದ್ರ ಭರತದಲ್ಲಿದ್ದು ಚರಂಡಿಯ ನೀರು ಇಳಿಯದಿರುವಾಗ, ಪರೇಲ್‌ನ ಹಿಂದ್‌ಮಾತಾದಲ್ಲಿ ಒಂದು ಪಂಪಿಟ್ಟು ನೀರೆತ್ತಿದರೆ ಪಂಪು ಕೆಲಸ ಮಾಡುವುದು ನಿಜ, ರಸ್ತೆ ಒಣಗದಿರುವುದೂ ಅಷ್ಟೇ ನಿಜ. ಸೈಟೊಕೈನ್‌ಗಳಲ್ಲಿ ಹಲವು ರಕ್ತದಲ್ಲಿ ಬಾಳುವುದು ನಿಮಿಷಗಳ ಲೆಕ್ಕದಲ್ಲಿ, ಸೋಸಿದಷ್ಟೂ ಊತಕಗಳು ಹೊಸದನ್ನು ಕಳಿಸುತ್ತಿರುತ್ತವೆ. ಯಂತ್ರದಲ್ಲಿ ಹರಿಯುವ ರಕ್ತದಲ್ಲಿ ಕಾರ್ಟ್ರಿಡ್ಜಿನ ಕವಲಿಗೆ ಹೋಗುವುದು ಸಣ್ಣ ಪಾಲು ಮಾತ್ರ. ಇನ್ನೊಂದು ಮುಖ್ಯ ಸಂಗತಿಯಿದೆ. ಮಣಿಯ ರಂಧ್ರಕ್ಕೆ ಒಳ್ಳೆಯ ಅಣು ಯಾವುದು, ಕೆಟ್ಟ ಅಣು ಯಾವುದು ಎಂಬ ವಿವೇಕವಿಲ್ಲ. ಗಾತ್ರ ಹೊಂದಿದರೆ ಉರಿಯೂತವನ್ನು ಎಬ್ಬಿಸುವ ಅಣುವೂ ಒಳಗೆ, ಅದನ್ನು ತಣಿಸುವ ಅಣುವೂ ಒಳಗೆ. ದೇಹ ಎರಡನ್ನೂ ಜೊತೆಯಾಗಿ ಹೊರಬಿಟ್ಟು ಒಂದು ಸಮತೋಲ ಕಾಯುತ್ತದೆ. ಗಾಯ ಮಾಯುವುದಕ್ಕೂ ಸೋಂಕನ್ನು ಎದುರಿಸುವುದಕ್ಕೂ ಉರಿಯೂತ ಬೇಕೇ ಬೇಕು. ಅದನ್ನು ಬರಿಯ ಕಸವೆಂದು ಎಣಿಸಿ ಗುಡಿಸಿಹಾಕುವ ಆಲೋಚನೆಯೇ ಬುಡದಲ್ಲಿ ದುರ್ಬಲವಾಗಿದೆ.

ಹೃದಯ ಶಸ್ತ್ರಕ್ರಿಯೆಯ ಚರಿತ್ರೆ ಈ ಪಾಠವನ್ನು ಮತ್ತೆ ಮತ್ತೆ ಕಲಿಸಿದೆ. ಉರಿಯೂತವನ್ನು ತಗ್ಗಿಸುವುದರಲ್ಲಿ ಸ್ಟಿರಾಯ್ಡ್‌ಗೆ ಸಮನಾದ ಔಷಧ ವಿರಳ, ದಶಕಗಳ ಕಾಲ ಅನೇಕ ಆಸ್ಪತ್ರೆಗಳು ರೋಗಿಯನ್ನು ಹಾರ್ಟ್-ಲಂಗ್ ಮಷಿನ್‌ಗೆ ಹಾಕುವ ಮುನ್ನ ಅದನ್ನು ಕೊಡುತ್ತಿದ್ದವು. 2012ರಲ್ಲಿ ನೆದರ್ಲೆಂಡ್ಸ್‌ನ ಡೆಕ್ಸ್ ಪ್ರಯೋಗ 4,494 ರೋಗಿಗಳಲ್ಲಿ, 2015ರಲ್ಲಿ 18 ದೇಶಗಳ ಸರ್ಸ್ ಪ್ರಯೋಗ 7,507 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದವು. ಸಾವಾಗಲಿ ದೊಡ್ಡ ತೊಡಕುಗಳಾಗಲಿ ನಂಬುವಂತೆ ಕಡಿಮೆಯಾಗಲಿಲ್ಲ. 2022ರಲ್ಲಿ 1,263 ಹಸುಗೂಸುಗಳ ಮೇಲಿನ ಸ್ಟ್ರೆಸ್ ಪ್ರಯೋಗವೂ ಸ್ಪಷ್ಟ ಲಾಭ ತೋರಿಸಲಿಲ್ಲ. ಅದಕ್ಕೂ ಮೊದಲು, 2004ರಲ್ಲಿ, ಕಾಂಪ್ಲಿಮೆಂಟನ್ನೇ ತಡೆಯುವ ಪೆಕ್ಸೆಲಿಜುಮ್ಯಾಬ್ ಎಂಬ ಔಷಧವನ್ನು 3,099 ರೋಗಿಗಳಲ್ಲಿ ಪರೀಕ್ಷಿಸಿದಾಗ ಅದು ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಹಾರ್ಟ್-ಲಂಗ್ ಮಷಿನ್ನೇ ಇಲ್ಲದೆ, ಬಡಿಯುತ್ತಿರುವ ಹೃದಯದ ಮೇಲೆ ಮಾಡುವ ಬೈಪಾಸ್. ಮುಂಬಯಿಯ ಶಸ್ತ್ರವೈದ್ಯರು ಈ ವಿಧಾನದಲ್ಲಿ ಪಳಗಿದವರೆಂದು ದೇಶದಲ್ಲೆಲ್ಲ ಹೆಸರಿದೆ. ಯಂತ್ರದ ಉರಿಯೂತವೇ ಕೊಲ್ಲುವುದಾಗಿದ್ದರೆ ಯಂತ್ರವನ್ನು ದೂರವಿಟ್ಟವರು ಹೆಚ್ಚು ಬದುಕಬೇಕಿತ್ತು. ಭಾರತವೂ ಸೇರಿ 19 ದೇಶಗಳ 4,752 ರೋಗಿಗಳ ಮೇಲೆ ನಡೆದ ಕಾರೊನರಿ ಪ್ರಯೋಗದಲ್ಲಿ ಮೂವತ್ತು ದಿನಕ್ಕೂ ಒಂದು ವರ್ಷಕ್ಕೂ ಐದು ವರ್ಷಕ್ಕೂ ಸಾವು, ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ಸೋಲು ಇವನ್ನು ಒಟ್ಟು ಸೇರಿಸಿ ನೋಡಿದಾಗ ಎರಡೂ ವಿಧಾನ ಸಮನಾಗಿದ್ದವು. ಅವರು ಕ್ಲಿಷ್ಟ ಶಸ್ತ್ರಕ್ರಿಯೆಯ ರೋಗಿಗಳಲ್ಲ ಎಂದು ಹೇಳಬಹುದು, ನಿಜ. ಆದರೂ ಉರಿಯೂತ ಇಳಿದರೆ ಸಾವೂ ಇಳಿಯುತ್ತದೆ ಎಂಬ ನೇರ ಲೆಕ್ಕ ಅಷ್ಟು ನೇರವಲ್ಲ ಎಂಬುದು ಇದರಿಂದ ಖಚಿತವಾಗುತ್ತದೆ.

ಈಗ ಎದುರು ವಾದಗಳಿಗೆ ಬರೋಣ. ಮೊದಲನೆಯದು ಹಾಸಿಗೆಯ ಪಕ್ಕದ ಅನುಭವ. ರೋಗಿಯ ರಕ್ತದೊತ್ತಡ ಕುಸಿದಿತ್ತು, ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಹನಿಯನ್ನು ಹೆಚ್ಚಿಸುತ್ತಲೇ ಹೋಗಬೇಕಾಗಿತ್ತು, ಕಾರ್ಟ್ರಿಡ್ಜ್ ಜೋಡಿಸಿದ ಮೇಲೆ ಮರುದಿನ ಹನಿ ಅರ್ಧಕ್ಕೆ ಇಳಿಯಿತು ಎಂದು ಅನುಭವಿ ವೈದ್ಯರು ಹೇಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ, ಅದರಿಂದ ಅವರು ತೆಗೆಯುವ ತೀರ್ಮಾನ ಸರಿಯಲ್ಲ. ಹಾರ್ಟ್-ಲಂಗ್ ಮಷಿನ್‌ನಿಂದ ಇಳಿದ ಮೇಲೆ ರಕ್ತನಾಳಗಳು ಸಡಿಲವಾಗಿ ಒತ್ತಡ ಕುಸಿಯುವ ಸ್ಥಿತಿ ಬಹಳ ರೋಗಿಗಳಲ್ಲಿ ಒಂದೆರಡು ದಿನದಲ್ಲಿ ತಾನಾಗಿಯೇ ಸುಧಾರಿಸುತ್ತದೆ. ಕಾರ್ಟ್ರಿಡ್ಜ್ ಜೋಡಿಸುವುದು ರೋಗಿ ಅತ್ಯಂತ ಕೆಳಗಿಳಿದ ಗಳಿಗೆಯಲ್ಲಿ. ಅಲ್ಲಿಂದ ಬದುಕುವವರು ಮೇಲೇರಲೇಬೇಕು, ಏರದವರು ತೀರಿಕೊಂಡಾಗ ರೋಗಿ ತಡವಾಗಿ ಬಂದದ್ದೇ ಕಾರಣವೆನ್ನಲಾಗುತ್ತದೆ. ಹೀಗೆ ಗೆಲುವೆಲ್ಲ ಉಪಕರಣದ ಖಾತೆಗೆ, ಸೋಲೆಲ್ಲ ರೋಗದ ಖಾತೆಗೆ ಜಮಾ ಆಗುತ್ತದೆ. ಸೋಸಿದ ರೋಗಿಗಳನ್ನು ಹಿಂದಿನ ವರ್ಷಗಳ ರೋಗಿಗಳೊಂದಿಗೆ ಹೋಲಿಸುವ ವರದಿಗಳಲ್ಲೂ ಇದೇ ದೋಷವಿದೆ. ಯಾರಿಗೆ ಜೋಡಿಸಬೇಕೆಂದು ಆರಿಸಿದವರು ವೈದ್ಯರೇ ಆದಾಗ ಆ ಆಯ್ಕೆಯ ಪರಿಣಾಮವನ್ನೂ ಉಪಕರಣದ ಪರಿಣಾಮವನ್ನೂ ಬೇರ್ಪಡಿಸಲು ಆಗುವುದಿಲ್ಲ. 1980ರ ದಶಕದಲ್ಲಿ ಹೃದಯಾಘಾತದ ನಂತರ ತಪ್ಪಿ ಬಡಿಯುವ ಬಡಿತಗಳನ್ನು ಅಡಗಿಸುವ ಮಾತ್ರೆಗಳ ಬಗ್ಗೆಯೂ ಇಂಥದೇ ದೃಢ ಅನುಭವ ಇತ್ತು. ಇಸಿಜಿ ಪಟ್ಟಿ ಕಣ್ಣೆದುರೇ ಶುಭ್ರವಾಗುತ್ತಿತ್ತು. 1989ರಲ್ಲಿ ಕ್ಯಾಸ್ಟ್ ಪ್ರಯೋಗ ಅವುಗಳನ್ನು ಅಳೆದಾಗ ಮಾತ್ರೆ ತೆಗೆದುಕೊಂಡವರೇ ಹೆಚ್ಚು ಸಾಯುತ್ತಿದ್ದರೆಂದು ಗೊತ್ತಾಯಿತು.

ಎರಡನೆಯ ವಾದ, ಲಾಭ ಖಚಿತವಿಲ್ಲದಿದ್ದರೂ ನಷ್ಟವೇನು ಎಂಬುದು. ಇದಕ್ಕೆ ಜರ್ಮನಿಯ ಫ್ರೈಬುರ್ಗ್‌ನ ಪ್ರಯೋಗವೇ ಉತ್ತರ. ಕೋವಿಡ್‌ನಿಂದಾಗಿ, ಶ್ವಾಸಕೋಶದ ಕೆಲಸ ಮಾಡುವ ಎಕ್ಮೊ ಯಂತ್ರದ ಮೇಲಿದ್ದ 34 ರೋಗಿಗಳನ್ನು ಸಮನಾಗಿ ಹಂಚಿ, ಒಂದು ಗುಂಪಿಗೆ ಮೊದಲ ಮೂರು ದಿನ ಸೈಟೊಕೈನ್ ಸೋಸುವಿಕೆ ಕೊಡಲಾಯಿತು. ಮೂವತ್ತು ದಿನದ ನಂತರ ಸೋಸದ 17 ಮಂದಿಯಲ್ಲಿ 13 ಜನ ಬದುಕಿದ್ದರು, ಸೋಸಿದ 17 ಮಂದಿಯಲ್ಲಿ ಬದುಕಿದ್ದವರು 3 ಜನ. ಐಎಲ್-6 ಎಂಬ ಸೈಟೊಕೈನ್‌ನ ಮಟ್ಟದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿರಲಿಲ್ಲ. ಪ್ರಯೋಗ ಚಿಕ್ಕದು, ರೋಗ ಬೇರೆ. ಇದರಿಂದ ಹೃದಯ ಶಸ್ತ್ರಕ್ರಿಯೆಯಲ್ಲೂ ಸೋಸುವಿಕೆ ಕೊಲ್ಲುತ್ತದೆಂದು ನಾನು ಹೇಳುವುದಿಲ್ಲ, ರಿಮೂವ್ ಪ್ರಯೋಗದಲ್ಲಿ ಹಾಗಾಗಲಿಲ್ಲ. ಆದರೆ ಹಾನಿಯಿಲ್ಲ ಎಂದು ಅಳೆಯದೆ ಸಾರುವ ಹಕ್ಕು ಈ ಫಲಿತಾಂಶದ ನಂತರ ಯಾರಿಗೂ ಉಳಿಯುವುದಿಲ್ಲ. ಹಾನಿಯ ದಾರಿಗಳೂ ಊಹೆಗೆ ನಿಲುಕದವಲ್ಲ. ಮಣಿಗಳು ಸೈಟೊಕೈನ್‌ಗಳನ್ನಷ್ಟೇ ಹೀರುವುದಿಲ್ಲ, ಔಷಧಗಳನ್ನೂ ಹೀರುತ್ತವೆ. ಹಂದಿಗಳ ಮೇಲಿನ ಅಧ್ಯಯನಗಳಲ್ಲಿ ಸೋಂಕು ತಡೆಯುವ ಲಿನೆಜೋಲಿಡ್, ಟೈಕೊಪ್ಲಾನಿನ್, ಫ್ಲುಕೊನಜೋಲ್ ಮುಂತಾದ ಔಷಧಗಳು ರಕ್ತದಿಂದ ಗಣನೀಯವಾಗಿ ಕಳೆದುಹೋದವು. ಕವಾಟದ ಸೋಂಕಿನ ರೋಗಿಯ ಬದುಕು ನಿಂತಿರುವುದೇ ಆ್ಯಂಟಿಬಯೋಟಿಕ್ ಮಟ್ಟದ ಮೇಲೆ. ಅದನ್ನೇ ಸೋಸಿಹಾಕುವ ಸಾಧ್ಯತೆಯಿರುವಾಗ, ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆದು ಡೋಸ್ ಸರಿಪಡಿಸುವ ವ್ಯವಸ್ಥೆ ಎಷ್ಟು ಐಸಿಯುಗಳಲ್ಲಿ ದಿನವೂ ನಡೆಯುತ್ತದೆ ಎಂದು ಕೇಳಿಕೊಳ್ಳಬೇಕು.

ನಷ್ಟದ ಇನ್ನೊಂದು ಮುಖ ಹಣ, ಮುಂಬಯಿಯಲ್ಲಿ ಅದನ್ನು ಕಡೆಗಣಿಸಿ ಮಾತಾಡುವುದು ಸಾಧ್ಯವಿಲ್ಲ. ಒಂದು ಸಲ ಬಳಸಿ ಬಿಸಾಡಬೇಕಾದ ಈ ಕಾರ್ಟ್ರಿಡ್ಜ್ ಹಲವು ದುಡಿಯುವ ಕುಟುಂಬಗಳ ತಿಂಗಳುಗಳ ಗಳಿಕೆಯನ್ನು ನುಂಗುತ್ತದೆ, ಕೆಲವರಿಗೆ ಒಂದಕ್ಕಿಂತ ಹೆಚ್ಚು ಬೇಕೆನ್ನುತ್ತಾರೆ. ವಿಜಯಪುರ, ಕಲಬುರಗಿಗಳಿಂದ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಊರುಗಳಿಂದ ಹೃದಯದ ಕಾಯಿಲೆ ಹೊತ್ತು ಪರೇಲ್‌ನ ಕೆಇಎಂ, ಸಾಯನ್, ನಾಯರ್, ಜೆಜೆ ಆಸ್ಪತ್ರೆಗಳಿಗೆ ಬರುವವರು ಇದ್ದಾರೆ. ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರು ಅವರಲ್ಲಿ ಇಂದಿಗೂ ಇದ್ದಾರೆ, ಅಂಥ ಕವಾಟವೇ ಮುಂದೆ ಸೋಂಕಿಗೆ ನೆಲೆಯಾಗುವುದು. ಸರ್ಕಾರಿ ಆರೋಗ್ಯ ಯೋಜನೆ ಶಸ್ತ್ರಕ್ರಿಯೆಗೆ ಇಂತಿಷ್ಟೆಂದು ಪ್ಯಾಕೇಜ್ ಕಟ್ಟಿರುತ್ತದೆ, ಅದರಾಚೆಯ ವಸ್ತುವಿಗೆ ಮನೆಯವರು ಟ್ರಸ್ಟುಗಳಿಗೆ ಅರ್ಜಿ ಬರೆಯಬೇಕು, ಊರಿನ ಸಂಘದ ಬಾಗಿಲು ತಟ್ಟಬೇಕು, ಹೊಲ ಒತ್ತೆ ಇಡಬೇಕು. ಖಾಸಗಿ ಆಸ್ಪತ್ರೆಯಲ್ಲಿ ಅದು ಬಿಲ್ಲಿನ ಸಾಮಗ್ರಿ ಪಟ್ಟಿಯ ಒಂದು ಸಾಲಾಗಿ ಬಂದು ಕೂರುತ್ತದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿಯ ಗರಿಷ್ಠ ಬೆಲೆ ಗೊತ್ತುಪಡಿಸಿತು. ಹೃದಯಾಘಾತದಲ್ಲಿ ಸ್ಟೆಂಟ್‌ನ ಉಪಯೋಗಕ್ಕೆ ಆಧಾರವಿತ್ತು, ಅಲ್ಲಿನ ಜಗಳ ಬೆಲೆಯದು ಮಾತ್ರ. ಇಲ್ಲಿ ಉಪಯೋಗವೇ ಸಾಬೀತಾಗಿಲ್ಲ, ಬೆಲೆಯ ಪ್ರಶ್ನೆ ಅದರ ನಂತರದ್ದು.

ಮೂರನೆಯ ವಾದ ಹೆಚ್ಚು ಗಂಭೀರವಾದದ್ದು. ರಿಮೂವ್ ಪ್ರಯೋಗದಲ್ಲಿ ಕಾರ್ಟ್ರಿಡ್ಜನ್ನು ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಮಾತ್ರ ಬಳಸಿದರು, ಐಸಿಯುನಲ್ಲಿ ಮುಂದುವರಿಸಿದ್ದರೆ ಫಲ ಕಾಣುತ್ತಿತ್ತು; ಎಲ್ಲ ರೋಗಿಗಳಿಗೂ ಜೋಡಿಸದೆ ಐಎಲ್-6 ವಿಪರೀತ ಏರಿದವರಿಗೆ ಮಾತ್ರ ಜೋಡಿಸಿದ್ದರೆ ಕಾಣುತ್ತಿತ್ತು; ಮಹಾಪಧಮನಿ ಹರಿದವರಲ್ಲಿ ಕಾಣುತ್ತದೆ ಎನ್ನುತ್ತಾರೆ. ಇರಬಹುದು. ವಿಜ್ಞಾನ ಇಂಥ ಸಾಧ್ಯತೆಗಳಿಗೆ ಬಾಗಿಲು ಮುಚ್ಚುವುದಿಲ್ಲ, ನಾನೂ ಮುಚ್ಚುವುದಿಲ್ಲ. ಆದರೆ ಈ ಪ್ರತಿಯೊಂದು ‘ಹೀಗೆ ಮಾಡಿದ್ದರೆ’ ಎನ್ನುವುದೂ ಮುಂದೆ ಪರೀಕ್ಷಿಸಬೇಕಾದ ಊಹೆ. ಹಣ ಪಡೆದು ಕೊಡಬಹುದಾದ ಚಿಕಿತ್ಸೆಯ ಮಟ್ಟಕ್ಕೆ ಅದು ಏರಿಲ್ಲ. ಒಂದು ರೀತಿಯ ಬಳಕೆ ಸೋತಾಗ ಇನ್ನೊಂದು ರೀತಿ ಗೆಲ್ಲುತ್ತದೆಂದು ಪರೀಕ್ಷೆಯಿಲ್ಲದೆ ನಂಬುತ್ತ ಹೋದರೆ ಯಾವ ಸೋಲೂ ಸೋಲೆನಿಸುವುದಿಲ್ಲ, ಯಾವ ಉಪಕರಣವನ್ನೂ ಎಂದೂ ಕೈಬಿಡಬೇಕಾಗುವುದಿಲ್ಲ. ಸಾಬೀತುಪಡಿಸುವ ಹೊಣೆ ಜೋಡಿಸುವವರದು. ಜೋಡಿಸಬೇಡಿ ಎನ್ನುವವರು ಪ್ರತಿ ಸಾಧ್ಯತೆಯನ್ನೂ ಸುಳ್ಳೆಂದು ತೋರಿಸುತ್ತ ಕೂರಬೇಕಾಗಿಲ್ಲ.

ನಾಲ್ಕನೆಯದಾಗಿ, ಸಾವಿನ ಅಂಚಿನಲ್ಲಿರುವವರ ಮೇಲೆ ಪ್ರಯೋಗ ನಡೆಸುವುದು ಅಮಾನವೀಯ, ಕೈಯಲ್ಲಿರುವುದನ್ನೆಲ್ಲ ಕೊಡುವುದೇ ಧರ್ಮ ಎನ್ನುವವರಿದ್ದಾರೆ. ಈ ಮಾತಿನ ಹಿಂದಿನ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಸತ್ಯ ಬೇರೆ ಇದೆ. ಯಾವುದು ಒಳ್ಳೆಯದೆಂದು ಗೊತ್ತಿಲ್ಲದಿರುವಾಗ ಪ್ರತಿ ರೋಗಿಗೂ ಕೊಡುವುದೂ ಪ್ರಯೋಗವೇ, ಫಲಿತಾಂಶ ಬರೆದಿಡದ ಪ್ರಯೋಗ. ಅದರಿಂದ ಆ ರೋಗಿಗೂ ಮುಂದಿನ ರೋಗಿಗೂ ಏನೂ ಕಲಿಯಲಾಗುವುದಿಲ್ಲ. ಮುಂಬಯಿಗೆ ಈ ವ್ಯತ್ಯಾಸ ಹೊಸದಲ್ಲ. 1968ರ ಫೆಬ್ರವರಿಯಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ಭಾರತದ ಮೊದಲ ಹೃದಯ ಕಸಿ ನಡೆಸಿದರು, ಜಗತ್ತಿನ ಮೊದಲ ಕೆಲವೇ ಕಸಿಗಳಲ್ಲಿ ಅದೂ ಒಂದು. ರೋಗಿ ಕೆಲವೇ ಗಂಟೆ ಬದುಕಿದ. ಧೈರ್ಯದಲ್ಲಾಗಲಿ ಕೈಚಳಕದಲ್ಲಾಗಲಿ ಕೊರತೆಯಿರಲಿಲ್ಲ. ಜಗತ್ತಿನ ಹೆಚ್ಚಿನ ಕೇಂದ್ರಗಳು ಆಮೇಲೆ ಕಸಿಯನ್ನು ನಿಲ್ಲಿಸಿದವು. ದೇಹ ಹೊಸ ಹೃದಯವನ್ನು ಏಕೆ ತಿರಸ್ಕರಿಸುತ್ತದೆಂದು ತಾಳ್ಮೆಯಿಂದ ಅರಿತು, ಆ ತಿರಸ್ಕಾರವನ್ನು ತಡೆಯುವ ಸೈಕ್ಲೊಸ್ಪೊರಿನ್ ಔಷಧ ಬಂದ ಮೇಲೆಯೇ 1980ರ ದಶಕದಲ್ಲಿ ಕಸಿ ಗಟ್ಟಿಯಾಗಿ ನೆಲೆಯೂರಿತು. ಭಾರತದಲ್ಲಿ ಯಶಸ್ವಿ ಕಸಿ ಆದದ್ದು 1994ರಲ್ಲಿ, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ಕೈಯಲ್ಲಿ. ರೋಗಿಗಳನ್ನು ಕೊನೆಗೆ ಉಳಿಸಿದ್ದು ನಿಂತು ಅಳೆದು ಕಲಿತ ವರ್ಷಗಳು.

ಈ ಉಪಕರಣಕ್ಕೆ ಎಲ್ಲಿಯೂ ಜಾಗವಿಲ್ಲವೆಂದು ನಾನು ವಾದಿಸುತ್ತಿಲ್ಲ. ಹೃದಯಾಘಾತಕ್ಕೆ ಟಿಕಾಗ್ರೆಲೋರ್ ಮಾತ್ರೆ ನುಂಗಿದ ರೋಗಿಗೆ ಮರುದಿನವೇ ಬೈಪಾಸ್ ಮಾಡಬೇಕಾಗಿ ಬಂದರೆ ರಕ್ತ ಹೆಪ್ಪುಗಟ್ಟದೆ ಸುರಿಯುವ ಭಯವಿರುತ್ತದೆ. ಆ ಮಾತ್ರೆಯ ಅಂಶವನ್ನು ಮಣಿಗಳು ಹೀರುತ್ತವೆ. ಇಲ್ಲಿ ತೆಗೆಯಬೇಕಾದದ್ದು ಯಾವುದೆಂದು ಗೊತ್ತು, ಎಷ್ಟೆಂದು ಗೊತ್ತು, ದೇಹ ಅದನ್ನು ಹೊಸದಾಗಿ ತಯಾರಿಸುವುದಿಲ್ಲ. ತರ್ಕ ಗಟ್ಟಿಯಾಗಿದೆ, 2020ರಲ್ಲಿ ಯುರೋಪು ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಇಷ್ಟು ಗಟ್ಟಿ ತರ್ಕವಿದ್ದೂ, ಅಮೆರಿಕ ಮತ್ತು ಕೆನಡಾದಲ್ಲಿ 140 ರೋಗಿಗಳ ಮೇಲೆ ನಡೆದ ಸ್ಟಾರ್-ಟಿ ಪ್ರಯೋಗ ತನ್ನ ಮುಖ್ಯ ಗುರಿ ತಲುಪಲಿಲ್ಲ, 2025ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಆ ಬಳಕೆಗೆ ಅನುಮತಿ ನಿರಾಕರಿಸಿತು. ಮಕ್ಕಳ ವಿಷಯ ಬೇರೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ವೈದ್ಯರು 1991ರಲ್ಲಿ ವರ್ಣಿಸಿದ ಮಾರ್ಪಡಿಸಿದ ಅಲ್ಟ್ರಾಫಿಲ್ಟ್ರೇಷನ್ ಇಂದು ಮಕ್ಕಳ ಹೃದಯ ಶಸ್ತ್ರಕ್ರಿಯೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಮುಖ್ಯ ಗುಣ ಪುಟ್ಟ ದೇಹದಲ್ಲಿ ಯಂತ್ರ ತುಂಬಿದ ಹೆಚ್ಚುವರಿ ನೀರನ್ನು ತೆಗೆದು ರಕ್ತವನ್ನು ಮತ್ತೆ ಗಟ್ಟಿಮಾಡುವುದು. ಅದನ್ನು ಸೈಟೊಕೈನ್ ಸೋಸುವ ಕಾರ್ಟ್ರಿಡ್ಜಿಗೆ ಸಾಕ್ಷಿಯಾಗಿ ತರುವುದು ಎರಡು ಬೇರೆ ಕೆಲಸಗಳನ್ನು ಒಂದೆಂದು ತಿಳಿದಂತೆ.

ಹಾಗಾದರೆ ಉರಿಯೂತದ ಹಾನಿಯನ್ನು ಸಹಿಸಿಕೊಂಡು ಸುಮ್ಮನಿರಬೇಕೇ? ಖಂಡಿತ ಇಲ್ಲ. ಫಲ ಕೊಡುವ ಕೆಲಸಗಳು ಗೊತ್ತಿವೆ, ಅವು ಅಷ್ಟು ಬೆರಗು ಹುಟ್ಟಿಸುವುದಿಲ್ಲ ಅಷ್ಟೆ. ದಕ್ಷಿಣ ಕೊರಿಯಾದಲ್ಲಿ ಕವಾಟದ ಸೋಂಕಿನ 76 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ದಿನದೊಳಗೆ ಶಸ್ತ್ರಕ್ರಿಯೆ ಆದವರಲ್ಲಿ ಸಾವು ಅಥವಾ ಕವಾಟದಿಂದ ತುಣುಕು ಕಳಚಿ ಬೇರೆ ಅಂಗದ ರಕ್ತನಾಳವನ್ನು ಮುಚ್ಚುವ ಅಪಾಯ ಆರು ವಾರದಲ್ಲಿ ಶೇಕಡಾ 3, ವಾಡಿಕೆಯಂತೆ ಕಾದವರಲ್ಲಿ ಶೇಕಡಾ 23. ಇಲ್ಲಿ ಫಲ ಕೊಟ್ಟದ್ದು ಹೊತ್ತಿಗೆ ಸರಿಯಾಗಿ ಸಿಕ್ಕ ಥಿಯೇಟರ್. ಹುಬ್ಬಳ್ಳಿಯಲ್ಲೋ ಕಲ್ಯಾಣದಲ್ಲೋ ಜ್ವರ ಬಿಡದ ರೋಗಿಗೆ ಆ್ಯಂಟಿಬಯೋಟಿಕ್ ಶುರುಮಾಡುವ ಮುನ್ನ ರಕ್ತದ ಕಲ್ಚರ್ ಕಳಿಸುವುದು, ಎಕೊ ಬೇಗ ಮಾಡಿಸುವುದು, ದೊಡ್ಡ ಆಸ್ಪತ್ರೆಗೆ ಹಾಸಿಗೆ ಸಿಗುವವರೆಗಿನ ದಿನಗಳನ್ನು ಕಡಿಮೆ ಮಾಡುವುದು, ಶಸ್ತ್ರಕ್ರಿಯೆಯಲ್ಲಿ ಯಂತ್ರದ ಮೇಲಿನ ಹೊತ್ತನ್ನು ತಗ್ಗಿಸುವುದು, ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಒಂದೇ ಹಾಸಿಗೆ ಸಿಗುವಂತೆ ನೋಡಿಕೊಳ್ಳುವುದು: ಒಂದು ಕಾರ್ಟ್ರಿಡ್ಜಿನ ಹಣ ಇಂಥಲ್ಲಿ ಎಷ್ಟು ಕೆಲಸ ಮಾಡಬಲ್ಲದೆಂದು ಆಸ್ಪತ್ರೆಗಳ ಆಡಳಿತ ಲೆಕ್ಕ ಹಾಕಬೇಕು.

ಉಪಕರಣದ ಬಗ್ಗೆ ನಿಜವಾಗಿಯೂ ನಂಬಿಕೆಯಿರುವವರಿಗೆ ಮುಂಬಯಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಪರೇಲ್‌ನಿಂದ ಮುಲುಂಡ್‌ವರೆಗೆ, ಗಿರ್‌ಗಾಂವ್‌ನಿಂದ ಅಂಧೇರಿವರೆಗೆ ಸರ್ಕಾರಿ, ಪಾಲಿಕೆ, ಟ್ರಸ್ಟ್, ಖಾಸಗಿ ಎಂದು ಎಲ್ಲ ಬಗೆಯ ಹೃದಯ ಕೇಂದ್ರಗಳು ಒಂದೇ ನಗರದಲ್ಲಿವೆ. ಅವು ಕೂಡಿದರೆ ಕ್ಲಿಷ್ಟ ಶಸ್ತ್ರಕ್ರಿಯೆಯ ರೋಗಿಗಳ ಸಂಖ್ಯೆಗೆ ಕೊರತೆಯಾಗದು. ಭಾರತದ ಪ್ರಯೋಗ ನೋಂದಣಿ ವ್ಯವಸ್ಥೆ 2007ರಿಂದ ಇದೆ. ಅಲ್ಲಿ ಮುಂಚಿತವಾಗಿ ನೋಂದಾಯಿಸಿ, ಸಾವು, ಮೂತ್ರಪಿಂಡದ ಸೋಲು, ಆಸ್ಪತ್ರೆಯಲ್ಲಿ ಕಳೆದ ದಿನಗಳು ಇವನ್ನು ಅಳತೆಯಾಗಿಟ್ಟು, ಕಾರ್ಟ್ರಿಡ್ಜಿನ ಖರ್ಚನ್ನು ತಯಾರಕರೋ ವಿತರಕರೋ ಹೊತ್ತು, ರೋಗಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡ ಬಲ್ಲವರಿಗೆ ಕನ್ನಡದಲ್ಲೇ, ಇದರ ಲಾಭ ಸಾಬೀತಾಗಿಲ್ಲ ಎಂದು ಬರೆದ ಒಪ್ಪಿಗೆ ಪತ್ರ ಕೊಟ್ಟು ಪ್ರಯೋಗ ನಡೆಸಲಿ. ಆ ಉತ್ತರ ಬರುವವರೆಗೆ ಪ್ರಯೋಗದ ಹೊರಗೆ ಉರಿಯೂತದ ಹೆಸರಿನಲ್ಲಿ ಈ ಸೋಸುವಿಕೆಯನ್ನು ನಿಲ್ಲಿಸಬೇಕು. ಜೋಡಿಸಲೇಬೇಕೆಂದು ತಂಡ ತೀರ್ಮಾನಿಸಿದರೆ ಅದರ ಹಣವನ್ನು ರೋಗಿಯಿಂದ ವಸೂಲು ಮಾಡಬಾರದು, ಫಲಿತಾಂಶವನ್ನು ಗೆಲುವು ಸೋಲು ಎನ್ನದೆ ದಾಖಲಿಸಿ ಪ್ರಕಟಿಸಬೇಕು. ವೈದ್ಯರನ್ನು ಮನೆಯವರು ಕೇಳಬೇಕಾದ ಪ್ರಶ್ನೆಯೂ ಒಂದೇ: ಇದನ್ನು ಜೋಡಿಸಿದ ರೋಗಿಗಳು ಜೋಡಿಸದವರಿಗಿಂತ ಹೆಚ್ಚು ಬದುಕಿದ್ದಾರೆಂದು ಯಾವ ಪ್ರಯೋಗ ತೋರಿಸಿದೆ? ಐಎಲ್-6 ಇಳಿಯುತ್ತದೆ ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ. ಉತ್ತರ ಸಿಗದ ಕಡೆ ಬೇಡವೆನ್ನುವ ಹಕ್ಕು ರೋಗಿಗಿದೆ, ಉತ್ತರ ಹುಡುಕುವ ಹೊಣೆ ವೈದ್ಯಲೋಕದ್ದು.